ವನ್ಯಧಾಮದ ಕಟ್ಟಡಕ್ಕೆ ಮೊದಲು ಪಾಯ, ಆಮೇಲೆ ರೂಪ

ಕಾಡು ನೋಡಲು ಹೋದವರ ಕಣ್ಣಿಗೆ ಎಲ್ಲಕ್ಕಿಂತ ಮೊದಲು ಬೀಳುವುದು ಕಟ್ಟಡ. ಕಮಾನಿನ ಹೆಬ್ಬಾಗಿಲು, ಟಿಕೆಟ್ ಕೊಡುವ ಕೋಣೆ, ಶೌಚಾಲಯ, ಕುಡಿಯುವ ನೀರಿನ ಟಾಕಿ, ಅರಣ್ಯ ರಕ್ಷಕರ ವಸತಿ, ವೀಕ್ಷಣಾ ಗೋಪುರ ಇವನ್ನೆಲ್ಲ ದಾಟಿದ ಮೇಲೆಯೇ ಜಿಂಕೆ, ನವಿಲು, ಹಕ್ಕಿಗಳ ಸರದಿ. ಇಷ್ಟಾದರೂ ಈ ಕಟ್ಟಡಗಳ ನಕ್ಷೆಯನ್ನು ಯಾರು ಬರೆದರು, ಯಾಕೆ ಹಾಗೆಯೇ ಬರೆದರು ಎಂದು ಕೇಳುವವರು ನಮ್ಮಲ್ಲಿ ತೀರ ಕಡಿಮೆ. ಧಾರವಾಡದಲ್ಲಿ ವಾಸ್ತುಶಿಲ್ಪಿಯಾಗಿ ಕೆಲಸ ಮಾಡುವ ನನಗೆ ಅನ್ನ ಕೊಡುವುದು ಮನೆ, ಶಾಲೆ, ದವಾಖಾನೆಗಳ ನಕ್ಷೆಗಳು; ಆದರೆ ಬಿಡುವು ಸಿಕ್ಕಾಗಲೆಲ್ಲ ನಾನು ಓದುವುದು, ಗೆರೆ ಎಳೆಯುವುದು, ಹೋಗಿ ನೋಡಿ ಬರುವುದು ಸಂರಕ್ಷಿತ ಪ್ರದೇಶಗಳಲ್ಲಿ ಕಟ್ಟಿದ ಅಥವಾ ಕಟ್ಟಬೇಕಾದ ಕಟ್ಟಡಗಳನ್ನು ಕುರಿತು.

ನಮ್ಮ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಸೀಮೆಯಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಪ್ರದೇಶವಿಲ್ಲ. ರಾಜ್ಯದ ಐದು ರಾಷ್ಟ್ರೀಯ ಉದ್ಯಾನಗಳ ಪೈಕಿ ನಮಗೆ ಹತ್ತಿರದ್ದು ಜೋಯಿಡಾ ತಾಲ್ಲೂಕಿನ ಅಣಶಿ. ಅದು ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಭಾಗ. ನಮ್ಮ ಪಾಲಿಗೆ ಇರುವವು ರಾಣೆಬೆನ್ನೂರಿನ ಕೃಷ್ಣಮೃಗ ವನ್ಯಧಾಮ, ಬಂಕಾಪುರದ ನವಿಲುಧಾಮ, ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಮತ್ತು ಗದಗ ಜಿಲ್ಲೆಯ ಕಪ್ಪತಗುಡ್ಡ. ಈ ನಾಲ್ಕರಲ್ಲಿ ಒಂದೂ ಮಲೆನಾಡಿನಂಥ ದಟ್ಟ ಕಾಡಲ್ಲ. ಒಂದು ಬಯಲು, ಒಂದು ಕೋಟೆ, ಒಂದು ಕೆರೆ, ಒಂದು ಕುರುಚಲು ಗುಡ್ಡ. ಕಾಡಿನ ಕಟ್ಟಡವೆಂದರೆ ಮರದ ದಿಮ್ಮಿಯಂತೆ ಕಾಣಬೇಕು ಎಂಬ ಒಂದೇ ಕಲ್ಪನೆಯನ್ನು ಈ ನಾಲ್ಕೂ ಕಡೆ ಹೇರಿದರೆ ನಾಲ್ಕಕ್ಕೂ ಅನ್ಯಾಯವಾಗುತ್ತದೆ. ಕಟ್ಟಡದ ರೂಪವನ್ನು ಕುರಿತು ಯೋಚಿಸುವ ಮೊದಲು ಅಲ್ಲಿಯ ನೆಲ, ನೀರು, ಬಿಸಿಲು, ಪ್ರಾಣಿಗಳ ದಿನಚರಿ ಇವುಗಳನ್ನು ಓದಿಕೊಳ್ಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇದನ್ನು ನಾನು ಕಲಿತದ್ದು ಬಹುಮಟ್ಟಿಗೆ ಅಮೆರಿಕದ ಉದ್ಯಾನಗಳ ಕಟ್ಟಡಗಳ ಚರಿತ್ರೆಯಿಂದ. ಅಲ್ಲಿ ಗೆದ್ದದ್ದೂ ಇದೆ, ಸೋತದ್ದೂ ಇದೆ, ಎರಡೂ ದಾಖಲಾಗಿವೆ.

ಯೆಲ್ಲೋಸ್ಟೋನ್ 1872ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಆದರೆ ಆ ಉದ್ಯಾನಗಳನ್ನು ನೋಡಿಕೊಳ್ಳುವ ರಾಷ್ಟ್ರೀಯ ಉದ್ಯಾನ ಸೇವೆ ಎಂಬ ಇಲಾಖೆ ಹುಟ್ಟಿದ್ದು 1916ರಲ್ಲಿ. ನಡುವಿನ ದಶಕಗಳಲ್ಲಿ ಅಲ್ಲಿ ದೊಡ್ಡ ಕಟ್ಟಡಗಳನ್ನು ಕಟ್ಟಿಸಿದವರು ಬಹುತೇಕ ರೈಲ್ವೆ ಕಂಪನಿಗಳು ಮತ್ತು ಅವರೊಡನೆ ವ್ಯವಹಾರವಿದ್ದ ಹೋಟೆಲಿನವರು. ರೈಲಿಗೆ ಪ್ರಯಾಣಿಕರು ಬೇಕಾಗಿದ್ದರು, ಪ್ರಯಾಣಿಕರಿಗೆ ತಂಗಲು ಜಾಗ ಬೇಕಾಗಿತ್ತು. ಯೆಲ್ಲೋಸ್ಟೋನಿನ ಓಲ್ಡ್ ಫೇತ್‌ಫುಲ್ ಇನ್ ಅನ್ನು ರಾಬರ್ಟ್ ರೀಮರ್ ಎಂಬ ತರುಣ ವಾಸ್ತುಶಿಲ್ಪಿ ವಿನ್ಯಾಸ ಮಾಡಿದರು. 1903ರಿಂದ 1904ರವರೆಗಿನ ಕೊರೆಯುವ ಚಳಿಯಲ್ಲಿಯೇ ಅದರ ಬಹುಪಾಲು ಕೆಲಸ ನಡೆಯಿತು. ಸುತ್ತಲಿನ ಪೈನ್ ಮರದ ದಿಮ್ಮಿಗಳು, ಸಮೀಪದಲ್ಲಿಯೇ ಕಿತ್ತ ಜ್ವಾಲಾಮುಖಿ ಕಲ್ಲು, ನಡುಮನೆಯ ಎತ್ತರ ಎಪ್ಪತ್ತು ಅಡಿಗೂ ಮೇಲೆ. ಆ ಸ್ಥಳದಲ್ಲಿ ಸಿಗುವ ಸಾಮಾನಿನಿಂದಲೇ ಕಟ್ಟುವುದು ಅವರಿಗೆ ಸಾಗಣೆಯ ಅನಿವಾರ್ಯವೂ ಆಗಿತ್ತು. ಅದೇ ಮುಂದೆ ಒಂದು ಶೈಲಿಯಾಗಿ ಬೆಳೆಯಿತು, ಮತ್ತು ಶೈಲಿಯಾದ ಕೂಡಲೇ ಅದರ ಕಾರಣ ಮರೆತುಹೋಗುವ ಅಪಾಯವೂ ಹುಟ್ಟಿಕೊಂಡಿತು.

ಈ ಚರಿತ್ರೆಯಲ್ಲಿ ನಾನು ಎಲ್ಲರಿಗಿಂತ ಹೆಚ್ಚು ಗೌರವಿಸುವುದು ಮೇರಿ ಕೋಲ್ಟರ್ ಅವರನ್ನು. 1869ರಲ್ಲಿ ಹುಟ್ಟಿ 1958ರಲ್ಲಿ ತೀರಿಕೊಂಡ ಈ ಹೆಣ್ಣುಮಗಳು, ವಾಸ್ತುಶಿಲ್ಪವೆಂದರೆ ಗಂಡಸರ ವೃತ್ತಿ ಎಂದೇ ತಿಳಿದಿದ್ದ ಕಾಲದಲ್ಲಿ, ರೈಲು ಪ್ರಯಾಣಿಕರಿಗಾಗಿ ಹೋಟೆಲು ನಡೆಸುತ್ತಿದ್ದ ಫ್ರೆಡ್ ಹಾರ್ವೆ ಕಂಪನಿಗಾಗಿ, ಅರಿಜೋನಾದ ಮಹಾಕಮರಿಯಾದ ಗ್ರ್ಯಾಂಡ್ ಕ್ಯಾನ್ಯನ್‌ನ ಅಂಚಿನಲ್ಲಿ ಒಂದಾದ ಮೇಲೊಂದರಂತೆ ಕಟ್ಟಡಗಳನ್ನು ರೂಪಿಸಿದರು. 1905ರಲ್ಲಿ ಹೋಪಿ ಹೌಸ್, 1914ರಲ್ಲಿ ಲುಕೌಟ್ ಸ್ಟುಡಿಯೋ ಮತ್ತು ಹರ್ಮಿಟ್ಸ್ ರೆಸ್ಟ್, 1922ರಲ್ಲಿ ಕಮರಿಯ ತಳದಲ್ಲಿ ಫ್ಯಾಂಟಮ್ ರ‍್ಯಾಂಚ್, 1932ರಲ್ಲಿ ಕಾವಲು ಗೋಪುರ, 1935ರಲ್ಲಿ ಬ್ರೈಟ್ ಏಂಜಲ್ ಲಾಡ್ಜ್. ಲುಕೌಟ್ ಸ್ಟುಡಿಯೋದ ಚಿತ್ರವನ್ನು ನೋಡಿದವರಿಗೆ ಬಂಡೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಆರಂಭವಾಯಿತು ಎಂದು ಒಮ್ಮೆಲೇ ತಿಳಿಯುವುದಿಲ್ಲ. ಅದೇ ಅಂಚಿನ ಸುಣ್ಣಕಲ್ಲಿನಿಂದ ಕಟ್ಟಿ, ಚಾವಣಿಯ ಗೆರೆಯನ್ನು ಬಂಡೆಯ ಗೆರೆಯಂತೆಯೇ ಏರುಪೇರಾಗಿ ಬಿಟ್ಟಿದ್ದಾರೆ.

ಕಾವಲು ಗೋಪುರದ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಪೂರ್ತಿ ಒಪ್ಪುವುದಿಲ್ಲ. ಆ ಪ್ರದೇಶದ ಮೂಲನಿವಾಸಿಗಳ ಪುರಾತನ ಗೋಪುರಗಳ ಅವಶೇಷಗಳನ್ನು ಕೋಲ್ಟರ್ ಬಹಳ ಶ್ರದ್ಧೆಯಿಂದ ಅಧ್ಯಯನ ಮಾಡಿದರು, ಮಣ್ಣಿನಲ್ಲಿ ಮಾದರಿ ಮಾಡಿ ನೋಡಿದರು, ಒಳಗಿನ ಗೋಡೆಗಳ ಮೇಲೆ ಹೋಪಿ ಸಮುದಾಯದ ಕಲಾವಿದ ಫ್ರೆಡ್ ಕಬೋಟಿ ಅವರಿಂದಲೇ ಚಿತ್ರ ಬರೆಸಿದರು. ಆದರೆ ಎಪ್ಪತ್ತು ಅಡಿಯ ಆ ಕಲ್ಲಿನ ಗೋಪುರದ ಒಳಗೆ ನಿಂತಿರುವುದು ಉಕ್ಕಿನ ಹಂದರ. ಹೊರಗೆ ಕಾಣುವುದು ಎಂದೋ ಕಟ್ಟಿ ಕಾಲನ ಹೊಡೆತ ತಿಂದಂತೆ ತೋರುವ ಗೋಡೆ. ಬದುಕಿರುವ ಒಂದು ಜನಾಂಗದ ಕಟ್ಟಡವನ್ನು ಅವಶೇಷದಂತೆ ಮಾಡಿ ಪ್ರವಾಸಿಗೆ ತೋರಿಸುವುದು ಸರಿಯೇ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಲಕ್ಕುಂಡಿಯ ಗುಡಿಯ ಕಂಬಗಳ ಅಚ್ಚು ತೆಗೆದು ಯಾವುದೋ ಹೋಟೆಲಿನ ಪಡಸಾಲೆಗೆ ನಿಲ್ಲಿಸುವುದನ್ನು ಕಂಡಾಗಲೂ ನನಗೆ ಇದೇ ಸಂಕಟ.

ಅವರ ಕೆಲಸದಲ್ಲಿ ನನ್ನನ್ನು ಪೂರ್ತಿ ಗೆದ್ದದ್ದು ಬ್ರೈಟ್ ಏಂಜಲ್ ಲಾಡ್ಜಿನ ಒಂದು ಬೆಂಕಿಗೂಡು. ಸುಮಾರು ಹತ್ತು ಅಡಿ ಎತ್ತರದ ಈ ಗೂಡನ್ನು ಕಟ್ಟಲು ಬಳಸಿದ್ದು ಗ್ರ್ಯಾಂಡ್ ಕ್ಯಾನ್ಯನ್‌ನದೇ ಕಲ್ಲುಗಳನ್ನು, ಅದೂ ಕಮರಿಯಲ್ಲಿ ಅವು ಇರುವ ಕ್ರಮದಲ್ಲಿಯೇ. ಬುಡದಲ್ಲಿ ಕೊಲರಾಡೊ ನದಿಯ ತಳದ ಕಲ್ಲು, ಅದರ ಮೇಲೆ ಒಂದೊಂದೇ ಪದರದ ಕಲ್ಲು, ಎಲ್ಲಕ್ಕೂ ಮೇಲೆ ಅಂಚಿನ ಕೈಬಾಬ್ ಸುಣ್ಣಕಲ್ಲು. ಉದ್ಯಾನದ ನಿಸರ್ಗತಜ್ಞ ಎಡ್ವಿನ್ ಮೆಕ್ಕೀ ಅವರನ್ನು ಕೂಡಿಸಿಕೊಂಡು ಕಲ್ಲುಗಳನ್ನು ಆರಿಸಿ, ಹೇಸರಗತ್ತೆಗಳ ಮೇಲೆ ಹೊರಿಸಿ ಮೇಲಕ್ಕೆ ತಂದರು. ಚಳಿ ಕಾಯಿಸಲು ಬಂದು ಕುಳಿತ ಮನುಷ್ಯ ಕಣ್ಣೆತ್ತಿದರೆ ಕೋಟ್ಯಂತರ ವರ್ಷಗಳ ನೆಲದ ಚರಿತ್ರೆಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾನೆ. ಅಲ್ಲಿ ಮರೆಮಾಚಿದ್ದು ಏನೂ ಇಲ್ಲ, ನಟಿಸಿದ್ದು ಏನೂ ಇಲ್ಲ. ಗೂಡು ಗೂಡಿನ ಕೆಲಸ ಮಾಡುತ್ತದೆ, ಕಲ್ಲು ತನ್ನ ಹೆಸರನ್ನು ತಾನೇ ಹೇಳುತ್ತದೆ. ಉದ್ಯಾನದ ಕಟ್ಟಡ ಅಲ್ಲಿಯ ನೆಲವನ್ನು ಓದಿಸುವ ಪಠ್ಯವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮುಂದೆ ವಾಸ್ತುಶಿಲ್ಪಿ ಹರ್ಬರ್ಟ್ ಮೇಯರ್ ಯೊಸೆಮಿಟಿ ಮತ್ತು ಯೆಲ್ಲೋಸ್ಟೋನಿನಲ್ಲಿ ಚಿಕ್ಕ ವಸ್ತುಸಂಗ್ರಹಾಲಯಗಳನ್ನು ಕಟ್ಟಿ, ತಗ್ಗಾದ, ಅಡ್ಡಕ್ಕೆ ಹರಡಿದ, ಬುಡದಲ್ಲಿ ದೊಡ್ಡ ಕಲ್ಲುಗಳಿರುವ ಒಂದು ಕ್ರಮವನ್ನು ರೂಢಿಸಿದರು. 1933ರಿಂದ 1942ರವರೆಗೆ ನಡೆದ ನಾಗರಿಕ ಸಂರಕ್ಷಣಾ ದಳದ ಯೋಜನೆಯಲ್ಲಿ ಕೆಲಸವಿಲ್ಲದ ಲಕ್ಷಾಂತರ ತರುಣರು ಇಂಥ ಕಟ್ಟಡ, ಕಟ್ಟೆ, ಸೇತುವೆ, ಕಾಲುದಾರಿಗಳನ್ನು ಕಟ್ಟಿದರು. ಅವರ ಅನುಕೂಲಕ್ಕಾಗಿ ಆಲ್ಬರ್ಟ್ ಗುಡ್ ಎಂಬ ವಾಸ್ತುಶಿಲ್ಪಿ 1935ರಲ್ಲಿ ಮಾದರಿಗಳ ಒಂದು ದೊಡ್ಡ ಪುಸ್ತಕವನ್ನು ಸಂಪಾದಿಸಿದರು. ಅದರಲ್ಲಿ ನಾಮಫಲಕ, ಕುಡಿಯುವ ನೀರಿನ ಕಟ್ಟೆ, ಬೇಲಿಯಂಥ ಸಣ್ಣ ಸಂಗತಿಗಳಿಗೂ ದೊಡ್ಡ ಕಟ್ಟಡಗಳಷ್ಟೇ ಗಮನ ಸಿಕ್ಕಿದೆ.

ಯೊಸೆಮಿಟಿಯ ಅವಾನಿ ಹೋಟೆಲನ್ನು ಮಾತ್ರ ಬಿಟ್ಟು ಮುಂದೆ ಹೋಗುವಂತಿಲ್ಲ, ಯಾಕೆಂದರೆ ಅದು ನಮ್ಮ ಇಂದಿನ ಒಂದು ಚಟಕ್ಕೆ ನೇರವಾಗಿ ಸಂಬಂಧಿಸಿದೆ. ಗಿಲ್ಬರ್ಟ್ ಸ್ಟ್ಯಾನ್ಲಿ ಅಂಡರ್‌ವುಡ್ ವಿನ್ಯಾಸ ಮಾಡಿ 1927ರಲ್ಲಿ ತೆರೆದ ಈ ಹೋಟೆಲಿನ ಹೊರಗೋಡೆಗಳಲ್ಲಿ ಕಾಣುವ ಮರ ಮರವಲ್ಲ. ಮರದ ಅಚ್ಚಿನಲ್ಲಿ ಕಾಂಕ್ರೀಟ್ ಸುರಿದು ರೆಡ್‌ವುಡ್ ಬಣ್ಣ ಹಚ್ಚಿದ್ದು. ಬೆಂಕಿಯ ಭಯದಿಂದ ಹಾಗೆ ಮಾಡಿದರು. ಆ ಭಯ ಸುಳ್ಳಲ್ಲ ಎಂಬುದಕ್ಕೆ ಅದೇ ಅಂಡರ್‌ವುಡ್ ಗ್ರ್ಯಾಂಡ್ ಕ್ಯಾನ್ಯನ್‌ನ ಉತ್ತರದ ಅಂಚಿನಲ್ಲಿ ಕಟ್ಟಿದ ಲಾಡ್ಜ್ ಸಾಕ್ಷಿ: 1928ರಲ್ಲಿ ಸಿದ್ಧವಾದ ಅದು 1932ರಲ್ಲಿ ಸುಟ್ಟುಹೋಯಿತು, 1937ರಲ್ಲಿ ಮತ್ತೆ ಎದ್ದುನಿಂತಿತು, 2025ರ ಜುಲೈ ತಿಂಗಳ ಕಾಳ್ಗಿಚ್ಚಿನಲ್ಲಿ ಮತ್ತೆ ಬೂದಿಯಾಯಿತು. ಹೀಗೆ ಅವಾನಿಯ ಕಾಂಕ್ರೀಟಿಗೆ ಒಂದು ಕಾರಣವಿತ್ತು. ನಮ್ಮ ಉದ್ಯಾನವನಗಳಲ್ಲಿ, ವನ್ಯಧಾಮಗಳ ಬಾಗಿಲಲ್ಲಿ ಈಗ ಎಲ್ಲೆಲ್ಲೂ ಕಾಣುವ ಸಿಮೆಂಟಿನ ಮರದ ಕಾಂಡ, ಸಿಮೆಂಟಿನ ಬಿದಿರಿನ ಕಟಕಟೆ, ತೊಗಟೆಯ ಗೆರೆ ಕೊರೆದು ಕಂದು ಬಣ್ಣ ಬಳಿದ ಬೆಂಚುಗಳಿಗೆ ಯಾವ ಕಾರಣವೂ ಇಲ್ಲ. ನಾಲ್ಕು ಮಳೆಗಾಲ ಕಳೆದರೆ ಬಣ್ಣ ಸುಲಿಯುತ್ತದೆ, ಒಳಗಿನ ಸರಳು ತುಕ್ಕು ಹಿಡಿದು ಗಿಲಾವು ಉದುರುತ್ತದೆ, ಕುಳಿತವರ ಬಟ್ಟೆಗೆ ಬಣ್ಣ ಹತ್ತುತ್ತದೆ. ಕಪ್ಪು ಕಲ್ಲಿನ ಒಂದು ಚಪ್ಪಡಿಯನ್ನು ಎರಡು ಕಲ್ಲಿನ ಮೇಲೆ ಇಟ್ಟಿದ್ದರೆ ಅದು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತಿತ್ತು. ನಮ್ಮ ಊರ ಅಗಸಿಯ ಕಟ್ಟೆಗಳು ಹಾಗೆಯೇ ಅಲ್ಲವೇ ಉಳಿದು ಬಂದಿರುವುದು?

ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ಕಾರುಗಳು ಹೆಚ್ಚಿದವು, ಉದ್ಯಾನಗಳಿಗೆ ಜನ ನುಗ್ಗಿದರು. 1956ರಿಂದ 1966ರವರೆಗೆ ಹತ್ತು ವರ್ಷಗಳ ಮಿಷನ್ 66 ಎಂಬ ಯೋಜನೆಯಡಿ ನೂರಕ್ಕೂ ಹೆಚ್ಚು ಪ್ರವಾಸಿ ಕೇಂದ್ರಗಳನ್ನು ಕಟ್ಟಿದರು. ಈ ಬಾರಿ ದಿಮ್ಮಿ-ಬಂಡೆಗಳ ಬದಲು ಗಾಜು, ಉಕ್ಕು, ಚಪ್ಪಟೆ ಚಾವಣಿ. ಈ ಪೈಕಿ ಒಂದರ ಕಥೆಯನ್ನು ನಮ್ಮ ಕಡೆಯ ಪ್ರತಿಯೊಬ್ಬ ವಾಸ್ತುಶಿಲ್ಪದ ವಿದ್ಯಾರ್ಥಿಯೂ ಓದಬೇಕು. ಯೂಟಾ ಮತ್ತು ಕೊಲರಾಡೊ ರಾಜ್ಯಗಳ ಗಡಿಯಲ್ಲಿರುವ ಡೈನೋಸಾರ್ ರಾಷ್ಟ್ರೀಯ ಸ್ಮಾರಕದಲ್ಲಿ, ಸುಮಾರು 1500 ಡೈನೋಸಾರ್ ಎಲುಬುಗಳು ಕಲ್ಲಿನಲ್ಲಿ ಇದ್ದ ಹಾಗೆಯೇ ಕಾಣುವ ಒಂದು ಬಂಡೆಯ ಗೋಡೆಯಿದೆ. ಆ ಬಂಡೆಯನ್ನೇ ಕಟ್ಟಡದ ಒಂದು ಗೋಡೆಯಾಗಿ ಇಟ್ಟುಕೊಂಡು, ಉಳಿದ ಕಡೆ ಗಾಜು ಹಾಕಿ, 1958ರಲ್ಲಿ ಒಂದು ಪ್ರವಾಸಿ ಕೇಂದ್ರವನ್ನು ಕಟ್ಟಿದರು. ಕಲ್ಪನೆ ಅದ್ಭುತ, ಅದಕ್ಕೆ ರಾಷ್ಟ್ರೀಯ ಚಾರಿತ್ರಿಕ ಹೆಗ್ಗುರುತು ಎಂಬ ಮನ್ನಣೆಯೂ ಸಿಕ್ಕಿತು. ಆದರೆ ಕಟ್ಟಡದ ಕೆಳಗೆ ಇದ್ದದ್ದು ನೀರು ಕುಡಿದರೆ ಉಬ್ಬುವ, ಒಣಗಿದರೆ ಕುಗ್ಗುವ ಜೇಡಿ. ಮೊದಲಿನಿಂದಲೇ ಗೋಡೆ, ನೆಲ ಸರಿದಾಡತೊಡಗಿ, ದುರಸ್ತಿಯ ಮೇಲೆ ದುರಸ್ತಿ ಮಾಡಿ, ಕೊನೆಗೆ 2006ರಲ್ಲಿ ಅಪಾಯವೆಂದು ಬಾಗಿಲು ಹಾಕಬೇಕಾಯಿತು. ಒಂದು ಭಾಗವನ್ನು ಕೆಡವಿ, ಎಲುಬುಗಳ ಮೇಲಿನ ಭಾಗಕ್ಕೆ ಆಳದ ಗಟ್ಟಿ ಬಂಡೆಯವರೆಗೆ ಹೊಸ ಪಾಯ ಕೊಟ್ಟು ಮತ್ತೆ ತೆರೆದದ್ದು 2011ರಲ್ಲಿ.

ಇದನ್ನು ಓದುತ್ತಿದ್ದಾಗ ನನಗೆ ನೆನಪಾದದ್ದು ನವಲಗುಂದ, ನರಗುಂದ, ರೋಣದ ಎರೆ ಹೊಲಗಳು. ನಮ್ಮ ಕಪ್ಪು ಮಣ್ಣಿನಲ್ಲಿಯೂ ಅದೇ ಜಾತಿಯ ಜೇಡಿ. ಏಪ್ರಿಲ್‌ನಲ್ಲಿ ಮುಷ್ಟಿ ಇಳಿಯುವಷ್ಟು ಬಿರುಕು ಬಿಡುವ ಹೊಲ ಆಗಸ್ಟ್‌ನಲ್ಲಿ ಒಂದೂ ಬಿರುಕಿಲ್ಲದಂತೆ ಉಬ್ಬಿ ಕೂಡಿಕೊಂಡಿರುತ್ತದೆ. ಈ ಮಣ್ಣಿನ ವಿಷಯದಲ್ಲಿ ಅಣ್ಣಿಗೇರಿ ಕಡೆಯ ಒಬ್ಬ ಹಿರಿಯ ಗೌಂಡಿ ಕಾಕಾ ಹೇಳಿದ್ದನ್ನು ನಾನು ಈಗಲೂ ನನ್ನ ಕಚೇರಿಯ ಹುಡುಗರಿಗೆ ಹೇಳುತ್ತಿರುತ್ತೇನೆ. ಶಾಲೆಯೊಂದರ ಪಾಯ ತೋಡುವಾಗ ನಾನು ಆಳ ಸಾಕೆಂದಾಗ ಅವರು ಸಲಿಕೆಯಿಂದ ಒಂದು ಹೆಂಟೆ ಎತ್ತಿ ನನ್ನ ಕೈಗಿಟ್ಟು, “ಅಕ್ಕಾರ, ಇದು ಇನ್ನೂ ಯರಿನ ಐತ್ರಿ. ಮಳಿಗಾಲದಾಗ ಉಬ್ಬತೈತಿ, ಬ್ಯಾಸಗ್ಯಾಗ ಬಾಯಿ ಬಿಡತೈತಿ, ಅದರ ಜೋಡಿ ನಿಮ್ಮ ಗ್ವಾಡಿನೂ ಬಾಯಿ ಬಿಡತೈತಿ. ಗರಸು ಹತ್ತೂತನಕ ತೋಡೂಣು” ಎಂದರು. ಹೆಂಟೆ ಹೊರಗೆ ಒಣಗಿದ್ದರೂ ಮುರಿದಾಗ ಒಳಗೆ ಅಂಟುಅಂಟಾಗಿತ್ತು, ಉಗುರಿನಿಂದ ಒತ್ತಿದರೆ ಹೊಳಪು ಬರುತ್ತಿತ್ತು. ಗರಸು, ಅಂದರೆ ಎರೆಯ ಕೆಳಗಿನ ಗಟ್ಟಿ ಜಲ್ಲಿಮಣ್ಣು, ಸಿಕ್ಕದಷ್ಟು ಆಳ ಎರೆ ಇರುವಲ್ಲಿ ಬುಡದಲ್ಲಿ ಗುಂಡಗೆ ಅಗಲಿಸಿದ ಕಾಂಕ್ರೀಟ್ ಕಂಬಗಳನ್ನು ಸುಮಾರು ಮೂರೂವರೆ ಮೀಟರು ಆಳಕ್ಕೆ ಇಳಿಸುವ ಪದ್ಧತಿ ಇದೆ. ಋತುಮಾನದ ಒಣಗು-ತೇವದ ಏರಿಳಿತ ಸಾಮಾನ್ಯವಾಗಿ ಆ ಆಳದಲ್ಲಿ ನಿಂತುಹೋಗುತ್ತದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ನಮ್ಮ ಕಪ್ಪು ಮಣ್ಣಿಗೆಂದೇ ಬೆಳೆಸಿದ ವಿಧಾನ ಇದು. ವನ್ಯಧಾಮದ ಕಟ್ಟಡಕ್ಕೆ ಇದು ಎರಡು ಪಟ್ಟು ಮುಖ್ಯ, ಯಾಕೆಂದರೆ ಊರೊಳಗಿನ ಕಟ್ಟಡ ಬಿರುಕು ಬಿಟ್ಟರೆ ಮರುದಿನ ದುರಸ್ತಿಗೆ ಹೋಗಬಹುದು. ಸಂರಕ್ಷಿತ ಪ್ರದೇಶದಲ್ಲಿ ಪ್ರತಿ ದುರಸ್ತಿಯೂ ಲಾರಿ, ಜಲ್ಲಿ, ಸದ್ದು, ಕೂಲಿಕಾರರ ಬಿಡಾರಗಳನ್ನು ಒಳಗೆ ಕರೆದುಕೊಂಡು ಬರುತ್ತದೆ.

ನಮ್ಮ ನಾಲ್ಕು ಸ್ಥಳಗಳಿಗೆ ಬರುತ್ತೇನೆ. ರಾಣೆಬೆನ್ನೂರಿನ ವನ್ಯಧಾಮ 1974ರಲ್ಲಿ ಘೋಷಣೆಯಾದದ್ದು, ವಿಸ್ತಾರ 119 ಚದರ ಕಿಲೋಮೀಟರು. ಕೃಷ್ಣಮೃಗ ಬಯಲಿನ ಪ್ರಾಣಿ. ದೂರದವರೆಗೆ ಕಣ್ಣು ಹರಿಯುವುದು ಮತ್ತು ತಡೆಯಿಲ್ಲದೆ ಓಡುವುದು ಅದರ ರಕ್ಷಣೆ. ಅಲ್ಲಿ ಹಿಂದೆ ನೆಟ್ಟ ನೀಲಗಿರಿ ತೋಪುಗಳೇ ಬಯಲನ್ನು ಸಾಕಷ್ಟು ಮುಚ್ಚಿವೆ. ಅಂಥಲ್ಲಿ ಎತ್ತರದ ಗೋಪುರ, ಉದ್ದನೆಯ ಆವರಣ ಗೋಡೆ ಎರಡೂ ಬೇಡ. ಕಟ್ಟಡವೆಲ್ಲ ಅಂಚಿನ ಊರಿಗೆ ಹತ್ತಿಕೊಂಡಿರಲಿ, ತಗ್ಗಾಗಿರಲಿ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಬಂಕಾಪುರದಲ್ಲಿ ಹೊಸ ಕಟ್ಟಡದ ಅಗತ್ಯವೇ ಕಡಿಮೆ. 2006ರಲ್ಲಿ ನವಿಲುಧಾಮವಾದ 139 ಎಕರೆ ಕೋಟೆಯೊಳಗೆ ನಗರೇಶ್ವರ ಗುಡಿಯಿದೆ. ಜನ ಅದನ್ನು ಅರವತ್ತು ಕಂಬದ ಗುಡಿ ಎನ್ನುತ್ತಾರೆ. ಖಿಲಾರಿ ದನಗಳ ಸಂವರ್ಧನಾ ಕೇಂದ್ರವೂ ಅಲ್ಲಿಯೇ ಇದೆ. ನವಿಲು ನೆಲದ ಮೇಲೆ, ಪೊದೆಯ ಮರೆಯಲ್ಲಿ ಮೊಟ್ಟೆಯಿಡುತ್ತದೆ, ರಾತ್ರಿ ಎತ್ತರದ ಮರಗಳ ಮೇಲೆ ಕೂರುತ್ತದೆ. ಪೊದೆ ಸವರಿ ಹುಲ್ಲುಹಾಸು ಮಾಡುವುದು, ಮರಗಳಿಗೆ ಬಣ್ಣದ ದೀಪ ಕಟ್ಟುವುದು ಎರಡೂ ಅದಕ್ಕೆ ಮಾರಕ. ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ನಿರ್ಮಾಣಕ್ಕೆ ಕಾನೂನಿನ ನಿಷೇಧವಿದೆ, ಅದರಾಚೆ 200 ಮೀಟರಿಗೆ ನಿಯಂತ್ರಣವಿದೆ. ಇಂಥಲ್ಲಿ ವಾಸ್ತುಶಿಲ್ಪಿಯ ಕೆಲಸ ಹಳೆಯ ಗೋಡೆಯ ಕಲ್ಲನ್ನು ಭದ್ರಪಡಿಸುವುದು, ನಡೆಯುವ ದಾರಿಯನ್ನು ಪೊದೆಗಳಿಂದ ದೂರ ಎಳೆಯುವುದು, ಶೌಚಾಲಯವನ್ನು ಕೋಟೆಯ ಹೊರಗೆ ಇಡುವುದು. ಗುಡಿಯ ನೆರಳಿನಲ್ಲಿ ಕುಳಿತು ನವಿಲು ನೋಡುವ ಭಾಗ್ಯ ಇರುವಾಗ ಬೇರೆ ಮಂಟಪ ಯಾಕೆ ಬೇಕು?

ಮಾಗಡಿ ಕೆರೆಗೆ ಹೆಚ್ಚು ಹೊತ್ತು ಕೊಡುತ್ತೇನೆ. ಸುಮಾರು 54 ಹೆಕ್ಟೇರಿನ ಈ ಕೆರೆಗೆ ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಹಗಲು ಕೆರೆಯ ನೀರಿನಲ್ಲಿ, ದಂಡೆಯಲ್ಲಿ ವಿಶ್ರಾಂತಿ. ಹೊತ್ತು ಮುಳುಗುವಾಗ ಗುಂಪುಗುಂಪಾಗಿ ಎದ್ದು ಸುತ್ತಲಿನ ಹೊಲಗಳಿಗೆ ಮೇಯಲು ಹೋಗಿ, ಬೆಳಗಿನ ಜಾವ ಮರಳುತ್ತವೆ. 2024ರ ಜನವರಿಯಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲೆಗಳ ರಾಮ್ಸರ್ ಪಟ್ಟಿಗೆ ಸೇರಿದ ಮೇಲೆ ನೋಡಲು ಬರುವವರು ಹೆಚ್ಚುವುದು ಸಹಜ, ಅದು ಸಂತೋಷದ ಸಂಗತಿಯೂ ಹೌದು. ಆದರೆ ಏರಿಯ ಮೇಲೆ ನಿಂತ ಮನುಷ್ಯನ ಆಕೃತಿ ಆಕಾಶಕ್ಕೆ ಎದುರಾಗಿ ಹಕ್ಕಿಗೆ ದೂರದಿಂದಲೇ ಕಾಣುತ್ತದೆ.

ಯಾರೂ ಕೇಳದಿದ್ದರೂ ನನ್ನ ಅಭ್ಯಾಸಕ್ಕೆಂದು ಅಲ್ಲಿಗೆ ಒಂದು ಹಕ್ಕಿ ನೋಡುವ ಮರೆಯ ನಕ್ಷೆ ಬರೆದಿದ್ದೇನೆ. ಅದು ಕೆರೆಯ ಪೂರ್ವದ ಬದಿಗಿದೆ, ಯಾಕೆಂದರೆ ಬೆಳಗಿನ ಸೂರ್ಯ ನೋಡುವವರ ಬೆನ್ನ ಹಿಂದಿದ್ದರೆ ಬೆಳಕು ಹಕ್ಕಿಯ ಮೈಮೇಲೆ ಬಿದ್ದು ತಲೆಯ ಎರಡು ಕಪ್ಪು ಪಟ್ಟೆಗಳು ಬರಿಗಣ್ಣಿಗೇ ಕಾಣುತ್ತವೆ. ಬರುವ ದಾರಿ ತಗ್ಗಿನಲ್ಲಿ, ಎರಡೂ ಕಡೆ ಮೆಳೆಯ ಮರೆಯಲ್ಲಿ ಸಾಗುತ್ತದೆ. ಗೋಡೆಗೆ ಗಾಜಿಲ್ಲ, ನೀರನ್ನು, ಆಕಾಶವನ್ನು ಪ್ರತಿಬಿಂಬಿಸುವ ಗಾಜಿಗೆ ಹಕ್ಕಿಗಳು ಬಂದು ಬಡಿದು ಸಾಯುತ್ತವೆ. ಅಡ್ಡವಾಗಿ ಕೊರೆದ ಎರಡು ಸೀಳುಕಿಂಡಿಗಳಿವೆ: ಬೆಂಚಿನ ಮೇಲೆ ಕುಳಿತ ದೊಡ್ಡವರ ಕಣ್ಣಿನ ಮಟ್ಟಕ್ಕೆ ಒಂದು, ಶಾಲೆಯ ಮಕ್ಕಳಿಗೆ ಅದಕ್ಕಿಂತ ಒಂದು ಗೇಣು ಕೆಳಗೆ ಇನ್ನೊಂದು. ಗಾಲಿಕುರ್ಚಿಯಲ್ಲಿ ಬಂದವರಿಗೆ ಬೆಂಚಿನ ನಡುವೆ ಜಾಗ ಬಿಟ್ಟಿದ್ದೇನೆ. ದೀಪವೇ ಇಲ್ಲ, ಕತ್ತಲಾದ ಮೇಲೆ ಅಲ್ಲಿ ಮನುಷ್ಯರಿಗೆ ಕೆಲಸವಿಲ್ಲ. ನೆಲಕ್ಕೆ ಗಟ್ಟಿಸಿದ ಗರಸು, ಏಕೆಂದರೆ ಹಲಗೆಯ ನೆಲದ ಮೇಲೆ ಮಕ್ಕಳು ನಡೆದರೆ ಸದ್ದು ನೀರಿನವರೆಗೆ ಹೋಗುತ್ತದೆ.

ಕಪ್ಪತಗುಡ್ಡ ಬೇರೆಯೇ ಬಗೆಯ ಪ್ರಶ್ನೆ. ಗಣಿಗಾರಿಕೆಯ ವಿರುದ್ಧ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಹೋರಾಡಿ ಉಳಿಸಿಕೊಂಡ ಗುಡ್ಡ ಅದು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರು ವನ್ಯಧಾಮವಾಯಿತು. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಬೀಳುವುದು ಅಲ್ಲಿಯ ದೊಡ್ಡ ಭಯ. ಆದ್ದರಿಂದ ಹುಲ್ಲಿನ ಚಾವಣಿಯ ಗುಡಿಸಲುಗಳು ಎಷ್ಟೇ ಚೆಂದ ಕಂಡರೂ ಅಲ್ಲಿಗೆ ಸಲ್ಲವು. ಕಲ್ಲಿನ ದಪ್ಪ ಗೋಡೆ, ಮಂಗಳೂರು ಹಂಚು ಅಥವಾ ನಮ್ಮ ಹಿರಿಯರ ಮಣ್ಣಿನ ಮಾಳಿಗೆ ಸಲ್ಲುತ್ತವೆ. ಅಮೆರಿಕದ ಜಯಾನ್ ಉದ್ಯಾನದಲ್ಲಿ 2000ದಲ್ಲಿ ತೆರೆದ ಪ್ರವಾಸಿ ಕೇಂದ್ರದಲ್ಲಿ ಎತ್ತರದ ಗೋಪುರಗಳ ತಲೆಯ ಮೇಲೆ ಒದ್ದೆಯ ಹಾಸುಗಳನ್ನಿಟ್ಟು, ತಂಪಾಗಿ ಭಾರವಾದ ಗಾಳಿ ತಾನಾಗಿ ಕೆಳಗಿಳಿಯುವಂತೆ ಮಾಡಿದ್ದಾರೆ. ಮೆಚ್ಚುವ ಉಪಾಯವೇ, ಆದರೆ ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಸೀಮೆಯಲ್ಲಿ ಗಾಳಿ ತಂಪಿಸಲು ನೀರು ಖರ್ಚು ಮಾಡುವುದನ್ನು ನಾನು ಒಪ್ಪಲಾರೆ. ಎರಡು ಅಡಿ ದಪ್ಪದ ಗೋಡೆ, ಮಣ್ಣಿನ ಮಾಳಿಗೆ, ನೆತ್ತಿಯ ಬೆಳಕಿಂಡಿ ಇವು ಸೇರಿ ಗದಗದ ಮೇ ತಿಂಗಳನ್ನು ಒಂದು ಹನಿ ನೀರಿಲ್ಲದೆ ತಡೆದುಕೊಂಡು ಬಂದಿವೆ.

ಕಪ್ಪತಗುಡ್ಡದಲ್ಲಿ ನಾನು ಕಟ್ಟಬಯಸುವ ಮೊದಲ ಕಟ್ಟಡ ಪ್ರವಾಸಿಗರದ್ದಲ್ಲ, ಬೆಂಕಿ ಕಾಯುವ ವಾಚರ್‌ಗಳದ್ದು. ಪ್ರವಾಸಿಗೆ ಕಟ್ಟುವ ಕಟ್ಟಡಕ್ಕೆ ಉದ್ಘಾಟನೆಯಿದೆ, ಫಲಕವಿದೆ. ಕಾಯುವವರ ಕೋಣೆ ಎಲ್ಲ ಪಟ್ಟಿಗಳ ಕೊನೆಗೆ ಬರುತ್ತದೆ. ಹಗಲಿಡೀ ಕಾದ ಬಂಡೆಯ ಮೇಲೆ ನಡೆದವರಿಗೆ ರಾತ್ರಿ ಮಲಗಲು ತಗಡಿನ ಕೋಣೆ ಕೊಟ್ಟರೆ ಅವರು ಮರುದಿನ ಎಷ್ಟು ದೂರ ನಡೆದಾರು? ತಂಪಾದ ಎರಡು ಅಂಕಣ, ಅಡುಗೆಗೆ ಒಂದು ಮೂಲೆ, ಮಳೆನೀರು ಕೂಡಿಡುವ ತೊಟ್ಟಿ, ಹೆಣ್ಣುಮಕ್ಕಳು ಕೆಲಸಕ್ಕಿದ್ದರೆ ಅವರಿಗೆ ಪ್ರತ್ಯೇಕ ಸ್ನಾನದ ಮನೆ. ಆಮೇಲೆ ಬೇಕಾದರೆ ಗುಡ್ಡದ ಬುಡದ ಊರಿನಲ್ಲಿ ಪ್ರವಾಸಿಗರಿಗೆ ಒಂದು ಮಾಹಿತಿ ಕೇಂದ್ರ. ಅದರ ಒಂದು ಗೋಡೆಯನ್ನು ಕೋಲ್ಟರ್ ಅವರ ಬೆಂಕಿಗೂಡಿನ ಪಾಠ ನೆನೆದು ಈ ಸೀಮೆಯ ಕಲ್ಲುಗಳಿಂದಲೇ ಕಟ್ಟಬೇಕು. ಕಬ್ಬಿಣದ ಕೆಂಪು ಪಟ್ಟೆಗಳ ಕಲ್ಲು ಅಲ್ಲಿದೆ. ಡಂಬಳ, ಲಕ್ಕುಂಡಿಯ ಗುಡಿಗಳ ನುಣುಪಾದ ಕೆತ್ತನೆಗೆ ಒದಗಿದ ಹಸಿರುಗಪ್ಪು ಕಲ್ಲೂ ಇದೇ ಸೀಮೆಯ ಶಿಲಾಸಂಪತ್ತು. ಒಂದೊಂದು ಸಾಲಿಗೆ ಒಂದೊಂದು ಕಲ್ಲು, ಪಕ್ಕದಲ್ಲಿ ಅದರ ಹೆಸರು. ಕಲ್ಲನ್ನು ವನ್ಯಧಾಮದಿಂದ ಕೀಳದೆ, ಸುತ್ತಲಿನ ಊರುಗಳಲ್ಲಿ ಬಿದ್ದುಹೋದ ಮನೆಗಳಿಂದ ಆಯ್ದು ತರಬೇಕು.

ಕಾನೂನು ಈ ವಿಷಯದಲ್ಲಿ ನಮ್ಮ ಕಡೆಗೇ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 33ನೆಯ ಕಲಮಿನ ಪ್ರಕಾರ ಅಭಯಾರಣ್ಯದೊಳಗೆ ವಾಣಿಜ್ಯ ಉದ್ದೇಶದ ಪ್ರವಾಸಿ ವಸತಿಗೃಹ ಕಟ್ಟಲು ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಪೂರ್ವಾನುಮತಿ ಬೇಕು. ಇದನ್ನು ಅಡ್ಡಿಯೆಂದು ನೋಡುವ ಸಹೋದ್ಯೋಗಿಗಳಿದ್ದಾರೆ. ನಾನು ಇದನ್ನು ನಿವೇಶನದ ಮೊದಲ ಅಳತೆಯೆಂದೇ ತಿಳಿದು ಕೆಲಸ ಆರಂಭಿಸುತ್ತೇನೆ: ಒಳಗೆ ಬೇಡವೇ ಬೇಡವಾದದ್ದು ಯಾವುದು, ಹೊರಗಿನ ಊರಿಗೆ ಕೊಟ್ಟರೆ ಅಲ್ಲಿಯವರಿಗೆ ದುಡಿಮೆಯಾಗುವಂಥದ್ದು ಯಾವುದು ಎಂಬ ವಿಂಗಡಣೆ ಅಲ್ಲಿಂದಲೇ ಶುರುವಾಗುತ್ತದೆ.

ಕ್ಯಾಲಿಫೋರ್ನಿಯಾದ ಸೆಕ್ವೋಯಾ ಉದ್ಯಾನದ ಜಯಂಟ್ ಫಾರೆಸ್ಟ್ ಎಂಬಲ್ಲಿ ಸಾವಿರಾರು ವರ್ಷ ಬಾಳಿದ ಮಹಾವೃಕ್ಷಗಳ ನಡುವೆ ದಶಕಗಳ ಕಾಲ ಹೋಟೆಲು, ಅಂಗಡಿ, ಕೋಣೆಗಳು ಬೆಳೆದುಕೊಂಡಿದ್ದವು. ಅವು ಮರಗಳ ಬೇರುಗಳನ್ನು ಹಾಳುಮಾಡುತ್ತಿವೆ ಎಂಬುದು ಖಚಿತವಾದ ಮೇಲೆ 1990ರ ದಶಕದ ಕೊನೆಯ ಹೊತ್ತಿಗೆ ಅಲ್ಲಿಂದ 282 ಕಟ್ಟಡಗಳನ್ನು ತೆಗೆದುಹಾಕಿದರು. ಅಂಡರ್‌ವುಡ್ 1928ರಲ್ಲಿ ವಿನ್ಯಾಸ ಮಾಡಿದ ಒಂದು ಅಂಗಡಿಯನ್ನು ಮಾತ್ರ ಉಳಿಸಿಕೊಂಡು 2001ರಲ್ಲಿ ವಸ್ತುಸಂಗ್ರಹಾಲಯ ಮಾಡಿದರು. ಕಟ್ಟುವಾಗಲೇ ತೆಗೆಯುವ ದಿನವನ್ನೂ ಯೋಚಿಸಬೇಕು ಎಂಬುದು ನಾನು ಇದರಿಂದ ಕಲಿತ ಪಾಠ.

ಮಾಗಡಿಯಲ್ಲಿಯೂ ಕೆರೆಯ ನೀರು ಸರಿಯಬಹುದು, ಹೆಬ್ಬಾತುಗಳು ಇನ್ನೊಂದು ದಂಡೆಯನ್ನು ಆರಿಸಿಕೊಳ್ಳಬಹುದು, ಆ ಮರೆಯೇ ಅವುಗಳಿಗೆ ಅಡ್ಡಿಯಾಗಬಹುದು. ಆದ್ದರಿಂದ ನನ್ನ ನಕ್ಷೆಯಲ್ಲಿ ಕಾಂಕ್ರೀಟ್ ಇಲ್ಲ. ಕಂಬಗಳು ನಿಂತಿರುವುದು ಕಲ್ಲಿನ ಅಡಿಗಳ ಮೇಲೆ, ಎಲ್ಲ ಜೋಡಣೆಯೂ ಬೋಲ್ಟಿನದು, ಯಾವ ತುಂಡೂ ಇಬ್ಬರು ಎತ್ತಲಾರದಷ್ಟು ಭಾರವಿಲ್ಲ. ಕೊನೆಯ ಹಾಳೆಯಲ್ಲಿ ಬಿಚ್ಚುವ ಕ್ರಮವನ್ನು ಬರೆದಿದ್ದೇನೆ: ಮೊದಲು ಹಂಚು, ಆಮೇಲೆ ಸೀಳುಕಿಂಡಿಯ ಹಲಗೆಗಳು, ಆಮೇಲೆ ಕಂಬ, ಕೊನೆಗೆ ಅಡಿಗಲ್ಲು. ಗರಸನ್ನು ಕೆದರಿ ದಾರಿಗೆ ಹರಡಬೇಕು, ಮತ್ತು ಈ ಕೆಲಸವನ್ನು ಹಕ್ಕಿಗಳು ಕೆರೆ ಬಿಟ್ಟು ತಮ್ಮ ನಾಡಿಗೆ ಹಿಂದಿರುಗಿದ ಮೇಲೆ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಮಾತ್ರ ಮಾಡಬೇಕು.